ರಂಗೂನಿನಿಂದ ಬಂದ ಮಾತು

ಅಕ್ಕನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ. ಯಾರೋ ಹೇಳಿದರೆಂದು ಯಾವುದೋ ಸೊಪ್ಪಿನ ರಸ ಹಿಂಡಿದ್ದರು. ಸೋರುವುದು ನಿಂತಿತು, ಕೇಳುವುದೂ ನಿಂತಿತು. ಹಾಗಾಗಿ ಅವರೊಡನೆ ಮಾತಾಡುವವರು ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಹೆಚ್ಚಿನವರಿಗೆ ಅದು ಬೇಸರ ತರುತ್ತಿತ್ತು. ಅಕ್ಕ ಮಾತ್ರ ಇದರಿಂದ ಬಹಳ ಬೇಗ ಒಂದು ವಿಷಯ ಕಂಡುಕೊಂಡಿದ್ದರು. ಯಾರೂ ಒಂದು ಸುದ್ದಿಯನ್ನು ಎರಡನೆಯ ಸಲ ಮೊದಲಿನ ಹಾಗೆಯೇ ಹೇಳುವುದಿಲ್ಲ. ಮೊದಲು 'ಎತ್ತು ಹಾಯಿತು' ಎಂದವರು ಮತ್ತೊಮ್ಮೆ ಕೇಳಿದರೆ 'ಎತ್ತು ಹಾಯಲಿಕ್ಕೆ ಬಂತು' ಎನ್ನುತ್ತಾರೆ. ಮೂರನೆಯ ಸಲ ಕೇಳಿದರೆ ಎತ್ತು ಅಲ್ಲಿ ಸುಮ್ಮನೆ ನಿಂತಿದ್ದದ್ದೂ ಗೊತ್ತಾಗುತ್ತದೆ.

ಅಕ್ಕ ತೀರಿಹೋಗಿ ಈ ಮಳೆಗಾಲಕ್ಕೆ ಒಂದು ವರ್ಷವಾಯಿತು. ಅವರ ಬಗ್ಗೆ ಊರಿನಲ್ಲಿ ಈಗಲೂ ಹಲವು ಮಾತುಗಳಿವೆ. ಅವುಗಳಲ್ಲಿ ಕೆಲವು ನನ್ನ ಬಗ್ಗೆಯೂ ಇರುವುದರಿಂದ, ನನಗೆ ತಿಳಿದಿರುವಷ್ಟನ್ನು ಬರೆದಿಡಬೇಕೆನಿಸಿತು.

ನಾನು ಬದಿಯಡ್ಕದ ಎಲಿಮೆಂಟರಿ ಶಾಲೆಗೆ ಟೀಚರಾಗಿ ಹೋದದ್ದು ಎರಡನೆಯ ಮಹಾಯುದ್ಧ ಶುರುವಾದ ಹೊತ್ತಿಗೆ. ಆಗ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಮ್ಮದು ಕೊಂಕಣಿ ಮಾತಾಡುವ ಕಿರಿಸ್ತಾನರ ಮನೆ. ಅಪ್ಪ ಅಮ್ಮ ಕುಂಜತ್ತೂರಿನ ಕಡೆ ಇದ್ದರು. ಪೇಟೆಯ ಬದಿಯಲ್ಲಿ ನನಗೊಂದು ಬಿಡಾರ ಸಿಕ್ಕಿತು. ಅದರ ಬೇಲಿಗೆ ತಾಗಿದ್ದು, ನಾನು ಅಕ್ಕ ಎಂದು ಕರೆಯುತ್ತಿದ್ದ ಇವರ ಮನೆ. ಅವರು ತುಳು ಮಾತಾಡುವ ಬ್ರಾಹ್ಮಣರು. ಮನೆಯ ಯಜಮಾನರು ಅಕ್ಕನ ಗಂಡನ ಅಣ್ಣ. ಅಕ್ಕ ಅವರನ್ನು 'ಭಾವ' ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಭಾವ ಸುತ್ತಿನ ಮನೆಗಳಿಗೆ ಪೌರೋಹಿತ್ಯಕ್ಕೆ ಹೋಗುತ್ತಿದ್ದರು. ಅಕ್ಕನ ಗಂಡ ರಂಗೂನಿನಲ್ಲಿ ನಮ್ಮ ಕಡೆಯವರೊಬ್ಬರ ಹೋಟೆಲಿನಲ್ಲಿದ್ದರು. ಮಕ್ಕಳಿರಲಿಲ್ಲ. ನನ್ನನ್ನು ಊರಿನವರೆಲ್ಲ 'ಟೀಚರ್ ಬಾಯಿ' ಎಂದು ಕರೆಯುತ್ತಿದ್ದರು. ಅಕ್ಕನಿಗೆ ನಾನು ಬರೀ 'ಬಾಯಿ'. ಬೇಲಿಯ ಆಚೆ ಈಚೆ ನಿಂತು ನಾವು ತುಳುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದೆವು.

ಯಾರಾದರೂ ಸುದ್ದಿ ತಂದರೆ ಅಕ್ಕ ಮೊದಲು ಬಲಗಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದರು. ಆಮೇಲೆ ಯಾವಾಗಲೂ ಒಂದೇ ಪ್ರಶ್ನೆ: "ನೀವು ಕಂಡದ್ದಾ, ಕೇಳಿದ್ದಾ?" ಕೇಳಿದ್ದಾದರೆ ಯಾರಿಂದ, ಅವರು ಎಂತ ಹೇಳಿದ್ದು, ಯಾವ ಭಾಷೆಯಲ್ಲಿ ಹೇಳಿದ್ದು ಎಂದು ಮುಂದುವರಿಯುತ್ತಿತ್ತು. ಸುದ್ದಿ ತಂದವರಿಗೆ ಇದು ಸಾಕ್ಷಿಕಟ್ಟೆ ಹತ್ತಿದ ಹಾಗಾಗುತ್ತಿತ್ತು. ಬರಬರುತ್ತಾ ಜನ ಅವರಿಗೆ ಏನನ್ನೂ ಹೇಳುವುದನ್ನೇ ಬಿಟ್ಟರು. ಆಚೆ ಮನೆಯಲ್ಲಿ ಹುಟ್ಟಿದ ಮಾತು ಪೇಟೆಗೆ ಹೋಗಿ, ಅಲ್ಲಿಂದ ಶಾಲೆಗೆ ಬಂದು, ನನ್ನ ಮೂಲಕ ಅಕ್ಕನಿಗೆ ತಲುಪುತ್ತಿತ್ತು. ಅಕ್ಕ ಅದಕ್ಕೆ ಬೇಸರಪಟ್ಟುಕೊಂಡದ್ದು ನಾನು ಕಂಡಿಲ್ಲ. ಸಂತೋಷಪಟ್ಟದ್ದೂ ಇಲ್ಲ.

ಇದರಿಂದ ಅವರಿಗೆ ಯಾವಾಗಲೂ ಲಾಭವೇ ಆಯಿತೆಂದಲ್ಲ. ಒಮ್ಮೆ ಪೇಟೆಯಲ್ಲಿ ಇನ್ನು ಉಪ್ಪು ಬರುವುದಿಲ್ಲವೆಂಬ ಸುದ್ದಿ ಎದ್ದಿತು. ಹೆಂಗಸರು ಕುಕ್ಕೆ ಹಿಡಿದು ಓಡಿದರು. ಅಕ್ಕ ವಿಚಾರಿಸಿದರು. ಅಂಗಡಿಯವನೊಬ್ಬ ಯಾರಿಗೋ "ಇವತ್ತು ಉಪ್ಪಿಲ್ಲ, ನಾಳೆ ಬಾ" ಎಂದದ್ದರಲ್ಲಿ 'ನಾಳೆ ಬಾ' ದಾರಿಯಲ್ಲಿ ಬಿದ್ದುಹೋಗಿ ಮೊದಲಿನ ಅರ್ಧ ಮಾತ್ರ ಊರು ಸುತ್ತಿತ್ತು. ಹಾಗಾಗಿ ಅಕ್ಕ ಮನೆಯಲ್ಲೇ ಉಳಿದರು. ಆದರೆ ಸುದ್ದಿ ಕೇಳಿದವರೆಲ್ಲ ಮೂಟೆಗಟ್ಟಲೆ ಕೊಂಡುಹೋದದ್ದರಿಂದ ಪೇಟೆಯಲ್ಲಿ ಉಪ್ಪು ನಿಜವಾಗಿಯೂ ಮುಗಿಯಿತು. ಅಕ್ಕ ಉಪ್ಪು ಕೇಳಲು ತೆಂಗಿನ ಗೆರಟೆ ಹಿಡಿದುಕೊಂಡು ಬೇಲಿಯ ಬಳಿ ಬಂದರು. "ಸುದ್ದಿ ಸುಳ್ಳೇ ಬಾಯಿ. ಆದರೆ ಉಪ್ಪಿಲ್ಲ" ಎಂದರು. ಮುಖದಲ್ಲಿ ನಗುವಿರಲಿಲ್ಲ. ಎಷ್ಟೋ ವರ್ಷಗಳ ನಂತರ ತಾಲೂಕು ಕೇರಳಕ್ಕೆ ಸೇರುತ್ತದೆಂಬ ಮಾತು ಬಂದಾಗಲೂ ಅವರು ಅದನ್ನು ನಂಬಲಿಲ್ಲ. ಅದು ಜಾರಿಗೆ ಬಂದು, ಶಾಲೆಗೆ ಬರುವ ಕಾಗದಗಳ ಮೇಲಿನ ಮೊಹರು ಬದಲಾದದ್ದನ್ನು ನಾನು ತೋರಿಸಿದ ಮೇಲೆ "ಹಾಗಾದ್ರೆ ಹೌದಿರಬೇಕು" ಎಂದರು. ಊರಿನವರೆಲ್ಲ ಅತ್ತು ಮುಗಿಸಿದ ಮೇಲೆ ಅವರೊಬ್ಬರು ಹೊಸದಾಗಿ ಬೇಸರಪಟ್ಟರು.

ರಂಗೂನಿನ ಮೇಲೆ ಬಾಂಬು ಬಿದ್ದದ್ದು ಪೇಪರಿನಲ್ಲಿ ಬಂತು. ಅದರ ನಂತರ ಅಲ್ಲಿಂದ ಕಾಗದ ಬರುವುದು ನಿಂತಿತು. ಅಕ್ಕ ದಿನಾ ಟಪ್ಪಾಲಿನವನನ್ನು ದೂರದಿಂದ ನೋಡುತ್ತಿದ್ದರು, ಕರೆದು ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭಾವ ಪೇಟೆಯಿಂದ ಬಂದವರು ಅಂಗಳದಲ್ಲೇ ನಿಂತುಬಿಟ್ಟರು. ಅಡಿಕೆ ವ್ಯಾಪಾರಿಯೊಬ್ಬರು ಅವರನ್ನು ಕರೆದು, ನಿಮ್ಮ ತಮ್ಮ ರಂಗೂನಿನಲ್ಲಿ ತೀರಿಹೋದರಂತೆ ಎಂದು ಹೇಳಿದ್ದರು. ಮನೆಯಲ್ಲಿ ಅಳು ಎದ್ದಿತು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೆ ಹತ್ತಿರದವರು ಸ್ನಾನ ಮಾಡಬೇಕು. ಎಲ್ಲರೂ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡರು. ನಾನು ಬೇಲಿಯ ಬಳಿ ಹೋದಾಗ ಒದ್ದೆ ಬಟ್ಟೆಯವರ ನಡುವೆ ಅಕ್ಕ ಒಬ್ಬರೇ ಒಣಸೀರೆಯಲ್ಲಿ ಜಗಲಿಯ ಮೆಟ್ಟಿಲಿನಲ್ಲಿ ಕೂತಿದ್ದರು. ಅತ್ತಿಗೆ, ಅಂದರೆ ಭಾವನ ಹೆಂಡತಿ, ಕೈ ಹಿಡಿದು ಎಳೆದರೂ ಏಳಲಿಲ್ಲ. ಅಳಲೂ ಇಲ್ಲ. ನೀರು ಹೊಯ್ದುಕೊಂಡರೆ ಒಪ್ಪಿಕೊಂಡ ಹಾಗೆ ಎಂಬುದಷ್ಟೇ ಅವರ ತಲೆಯಲ್ಲಿತ್ತು. ಒಪ್ಪಿಕೊಂಡರೆ ಹತ್ತನೆಯ ದಿನ ಬಳೆ ಒಡೆಯುತ್ತಾರೆ, ತಲೆ ಬೋಳಿಸುತ್ತಾರೆ. ಆಗ ಅಕ್ಕನಿಗೆ ಮೂವತ್ತೂ ಆಗಿರಲಿಲ್ಲ.

ಭಾವ ಕೆಟ್ಟವರಲ್ಲ. ಮನೆಯಲ್ಲಿ ಅವರ ಮಗಳ ಮದುವೆ ನಿಶ್ಚಯವಾಗಿತ್ತು. ಸೂತಕ ಕಳೆಯದೆ ಮದುವೆ ನಡೆಸುವಂತಿಲ್ಲ. ಸತ್ತವರಿಗೆ ಆಗಬೇಕಾದದ್ದನ್ನು ಮಾಡದೆ ಇಡುವುದೂ ಅವರ ಮಟ್ಟಿಗೆ ದೊಡ್ಡ ತಪ್ಪು. ಮರುದಿನ ಕುಂಜತ್ತೂರಿನಿಂದ ಅವರ ಸೋದರಮಾವ ಬಂದರು. ಅವರೂ ಅದೇ ಸುದ್ದಿ ತಂದಿದ್ದರು, ಅದೂ ಬದಿಯಡ್ಕದ ಮಾತು ಕೇಳದೆಯೇ. ಅಲ್ಲಿಗೆ ಮನೆಯವರ ಮನಸ್ಸಿನಲ್ಲಿದ್ದ ಅಲ್ಪಸ್ವಲ್ಪ ಸಂಶಯವೂ ಹೋಯಿತು.

"ಇಬ್ಬರು ಎರಡು ದಿಕ್ಕಿನಿಂದ ಒಂದೇ ಮಾತು ತಂದಿದ್ದಾರೆ. ಇನ್ನೆಂತ ಬೇಕು ನಿನಗೆ?" ಎಂದರು ಭಾವ.

"ಇಬ್ಬರಿಗೂ ಹೇಳಿದವರು ಒಬ್ಬರೇ ಆದ್ರೆ?" ಎಂದರು ಅಕ್ಕ. "ಏಕಾದಶಿವರೆಗೆ ಬಿಡಿ ಭಾವ. ಅಷ್ಟರೊಳಗೆ ಕಣ್ಣಾರೆ ಕಂಡವರು ಒಬ್ಬರು ಸಿಕ್ಕಿದ್ರೆ ಯಾರೂ ಎಳೆಯುವುದು ಬೇಡ, ನಾನೇ ಬಾವಿಕಟ್ಟೆಗೆ ಹೋಗ್ತೇನೆ."

ಭಾವ ಹೂಂ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕುಂಜತ್ತೂರಿನ ಮಾವ ಹೊರಡುವ ಮೊದಲು ಅಕ್ಕ ಅವರನ್ನು ಕೂರಿಸಿ ಕೇಳಿದರು. ಅವರಿಗೆ ಹೇಳಿದ್ದು ಅಲ್ಲಿಯ ಸೋಡಾ ಅಂಗಡಿಯವನು. ಅವನಿಗೆ ಹೇಳಿದ್ದು ಅವನ ತಂಗಿಯ ಗಂಡ. ಆ ತಂಗಿಯ ಗಂಡ ಕಾಸರಗೋಡಿನಿಂದ ಬದಿಯಡ್ಕಕ್ಕೆ ಬರುವ ಬಸ್ಸಿನ ಡ್ರೈವರ್. ಸಂಜೆ ನಾನು ಶಾಲೆ ಬಿಟ್ಟು ಬರುವ ದಾರಿಯಲ್ಲಿ ಅಡಿಕೆ ವ್ಯಾಪಾರಿಯ ಅಂಗಡಿಗೆ ಹೋಗಿ ಕೇಳಿದೆ. ಅವರು ತೀರಾ ಸಹಜವಾಗಿ, ಬಸ್ಸಿನ ಡ್ರೈವರ್ ಹೇಳಿದ ಎಂದರು. ಒಂದು ಮಾತು ಒಬ್ಬನ ಬಾಯಿಂದ ಎರಡು ದಾರಿ ಹಿಡಿದು ಹೋಗಿ, ಎರಡು ಕಡೆಯಿಂದ ಒಂದೇ ಮನೆಗೆ ಬಂದು, ಒಂದಕ್ಕೊಂದು ಸಾಕ್ಷಿ ಹೇಳಿತ್ತು. ಅಕ್ಕನಿಗೆ ಇದನ್ನು ತಿಳಿಸಿದಾಗ ಅವರು ಡ್ರೈವರನ್ನೇ ಕೇಳಬೇಕೆಂದರು.

ಡ್ರೈವರ್ ನಮ್ಮ ಇಗರ್ಜಿಯವನೇ. ಆಗ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಹೊರಡುವ ಮೊದಲು ಹಿಂದಿನ ಒಲೆಗೆ ಗಾಳಿ ಹಾಕುತ್ತಾ ಬಹಳ ಹೊತ್ತು ನಿಲ್ಲಬೇಕಿತ್ತು. ಮಾರನೆಯ ದಿನ ಆ ಹೊತ್ತಿನಲ್ಲಿ ಅಕ್ಕ ಮತ್ತು ನಾನು ಹೋಗಿ ಅವನ ಮುಂದೆ ನಿಂತೆವು. ಅಕ್ಕನನ್ನು ಕಂಡು ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ನಾನು ಕೊಂಕಣಿಯಲ್ಲಿ ಕೇಳಿದೆ. ರಂಗೂನಿನಿಂದ ಹಡಗಿನಲ್ಲಿ ಬಂದ ಮಾಪಿಳ್ಳೆ ಮುಸಲ್ಮಾನರೊಬ್ಬರು ಅವನ ಬಸ್ಸಿನಲ್ಲಿ ಮುಂದೆ ಕೂತಿದ್ದರಂತೆ. ಬದಿಯಡ್ಕದ ಭಟ್ಟರೊಬ್ಬರು ಅಲ್ಲಿ ಹೋಟೆಲಿನಲ್ಲಿದ್ದರಲ್ಲ ಎಂದು ಇವನು ವಿಚಾರಿಸಿದ್ದ. ಅವರು ಮಲಯಾಳದಲ್ಲಿ 'ಅವರ್ ಪೋಯಿ' ಎಂದು ಹೇಳಿ ಕಣ್ಣೊರಸಿಕೊಂಡರು. ಮತ್ತೆ ಕೇಳಲು ಇವನಿಗೆ ಮನಸ್ಸು ಬರಲಿಲ್ಲ.

"ಪೋಯಿ ಅಂದದ್ದಾ, ಮರಿಚ್ಚು ಅಂದದ್ದಾ?" ಎಂದು ಅಕ್ಕ ಕೇಳಿದರು. ಪೋಯಿ ಎಂದರೆ ಹೋದರು. ಮರಿಚ್ಚು ಎಂದರೆ ಸತ್ತರು.

"ಪೋಯಿ ಅಂತಲೇ ಅಮ್ಮ. ಆದರೆ ಕಣ್ಣಲ್ಲಿ ನೀರಿತ್ತು."

ಹೋದರು ಎಂದರೆ ನಮ್ಮ ಎಲ್ಲ ಭಾಷೆಗಳಲ್ಲೂ ಸತ್ತರೆಂದೂ ಆಗುತ್ತದೆ. ಮಲಯಾಳದ 'ಪೋಯಿ' ಕೊಂಕಣಿಯವನ ಕಿವಿಗೆ ಬಿದ್ದು, ಅವನು ಅದನ್ನು ಅಡಿಕೆ ಅಂಗಡಿಯಲ್ಲಿ ಹೇಳಿ, ಅಲ್ಲಿಂದ ಭಾವನ ಹತ್ತಿರ ಬರುವಾಗ 'ತೀರಿಹೋದರು' ಎಂದು ಆಗಿತ್ತು. ಯಾರೂ ಬೇಕೆಂದು ಏನನ್ನೂ ಸೇರಿಸಿರಲಿಲ್ಲ.

ಶನಿವಾರ ಶಾಲೆಗೆ ರಜೆ. ಅಕ್ಕ ಯಾರ ಒಪ್ಪಿಗೆಯನ್ನೂ ಕೇಳದೆ, ಯಾರಿಂದಲೂ ಮುಚ್ಚಿಡದೆ, ನನ್ನ ಜೊತೆ ಕಾಸರಗೋಡಿನ ಬಸ್ಸು ಹತ್ತಿದರು. ಇಷ್ಟು ದೂರ ಅವರು ಮನೆಯ ಗಂಡಸರಿಲ್ಲದೆ ಹೋದದ್ದು ಅದೇ ಮೊದಲು. ಬಸ್ಸಿನ ಸದ್ದಿನಲ್ಲಿ ಅವರಿಗೆ ಬಲಗಿವಿಯೂ ಕೇಳಿಸುತ್ತಿರಲಿಲ್ಲ.

ಡ್ರೈವರ್ ಗುರುತು ಹೇಳಿದ್ದ ಹಾಗೆ ಮಾಪಿಳ್ಳೆಯವರ ಮನೆ ಚಂದ್ರಗಿರಿ ಹೊಳೆಯ ಬದಿಯಲ್ಲಿತ್ತು. ಹೆಂಗಸರು ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದರು. ಅಕ್ಕ ಬಾಗಿಲಿನಲ್ಲಿ ಒಂದು ಕ್ಷಣ ನಿಂತು, ಆಮೇಲೆ ಹೋಗಿ ಕೂತರು. ಬೊಂಡ, ಎಂದರೆ ಎಳನೀರು, ಕೆತ್ತಿಕೊಟ್ಟರು, ಕುಡಿದರು. ಆ ಮನುಷ್ಯ ಜ್ವರದಲ್ಲಿ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ತೆರೆದ ಬಾಗಿಲಿನ ಮೂಲಕ ಮಾತು ನಡೆಯಿತು. ನನಗೆ ಮಲಯಾಳ ಸಾಕಷ್ಟು ಬರುತ್ತಿದ್ದುದರಿಂದ ನಡುವೆ ನಾನಿದ್ದೆ.

ಅವರು ಹೇಳಿದ್ದು ಇಷ್ಟು. ಬಾಂಬು ಬಿದ್ದ ಮೇಲೆ ಹೋಟೆಲು ಮುಚ್ಚಿತು. ಇವರಿಗೆ ಹೇಗೋ ಹಡಗಿನಲ್ಲಿ ಜಾಗ ಸಿಕ್ಕಿತು. ಅಕ್ಕನ ಗಂಡನಿಗೂ ಅವರ ಜೊತೆಗಿದ್ದ ಕುಂಬ್ಡಾಜೆಯ ತರುಣನಿಗೂ ಸಿಗಲಿಲ್ಲ. ಅವನು ಅದೇ ಹೋಟೆಲಿನಲ್ಲಿ ಅಡಿಗೆಗಿದ್ದವನು. ಕಾಲ್ನಡಿಗೆಯಲ್ಲಿ ಇಂಡಿಯಾಕ್ಕೆ ಹೊರಟ ಗುಂಪಿನೊಂದಿಗೆ ಅವರಿಬ್ಬರೂ ಸೇರಿಕೊಂಡರು. 'ಅವರ್ ರಂಡು ಪೇರುಂ ಪೋಯಿ. ನಡನ್ನು ಪೋಯಿ.' ಅವರಿಬ್ಬರೂ ಹೋದರು, ನಡೆದುಕೊಂಡು ಹೋದರು.

ಅಕ್ಕ ಮತ್ತೊಮ್ಮೆ ಹೇಳಿಸಿದರು. ಆಮೇಲೆ ಇನ್ನೂ ಒಮ್ಮೆ. ಜ್ವರದಲ್ಲಿದ್ದರೂ ಆ ಮನುಷ್ಯ ಮತ್ತೆ ಮತ್ತೆ ಅದೇ ಮಾತುಗಳನ್ನು ಹೇಳಿದರು, ಒಂದೂ ಬದಲಾಗಲಿಲ್ಲ. ಬಸ್ಸಿನಲ್ಲಿ ಕಣ್ಣೊರಸಿಕೊಂಡದ್ದು ಯಾಕೆ ಎಂದು ನಾನು ಕೇಳಿದೆ. ಹಡಗುಕಟ್ಟೆಯ ಬಳಿ ಬಾಂಬು ಬಿದ್ದಾಗ ಅವರ ತಮ್ಮ ಅಲ್ಲಿದ್ದ. ರಂಗೂನಿನ ಹೆಸರು ಯಾರು ತೆಗೆದರೂ ಅವನ ನೆನಪಾಗುತ್ತದೆ ಎಂದರು.

ನಮ್ಮ ಕೆಲಸ ಮುಗಿದಿತ್ತು. ಅಕ್ಕ ಏಳಲಿಲ್ಲ. ಆ ತಮ್ಮನಿಗೆ ಪ್ರಾಯವೆಷ್ಟು, ಅವನಿಗೆ ಮದುವೆಯಾಗಿತ್ತೇ ಎಂದೆಲ್ಲ ವಿಚಾರಿಸಿದರು. ಅವನ ಹೆಂಡತಿ ಅಲ್ಲೇ, ನಮಗೆ ಬೊಂಡ ತಂದುಕೊಟ್ಟವಳೇ ಎಂದು ಆಗ ಗೊತ್ತಾಯಿತು. ಹೊರಡುವಾಗ ಅಕ್ಕ ಅವಳ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಒಬ್ಬರ ಭಾಷೆ ಒಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಭಾವ, "ಹೋದ ಅಂದ್ರೆ ಬದುಕಿದ್ದಾನೆ ಅಂತಲ್ಲ" ಎಂದರು. ಅದು ನ್ಯಾಯವಾದ ಮಾತೇ. "ಸತ್ತರು ಅಂತಲೂ ಅಲ್ಲವಲ್ಲ ಭಾವ" ಎಂದರು ಅಕ್ಕ. ಏಕಾದಶಿ ಬಂತು, ಹೋಯಿತು; ಕಂಡವರು ಸಿಗಲಿಲ್ಲ, ಭಾವ ಕ್ರಿಯೆಗೆ ಕೂರಲಿಲ್ಲ. ಮದುವೆಯೂ ನಡೆಯಿತು. ಅಕ್ಕನನ್ನು ಯಾರೂ ಮುಂದೆ ಕರೆಯಲಿಲ್ಲ, ಹಿಂದೆ ಹೋಗೆಂದೂ ಹೇಳಲಿಲ್ಲ. ಅವರು ಅಡಿಗೆಮನೆಯಲ್ಲಿ ಕೈತುಂಬ ಬಳೆ ಇಟ್ಟುಕೊಂಡೇ ತೆಂಗಿನಕಾಯಿ ತುರಿದರು.

ಅದಕ್ಕೂ ಮೊದಲು ಅವರು ಮಾಡಿದ ಇನ್ನೊಂದು ಕೆಲಸವಿದೆ. ಕುಂಬ್ಡಾಜೆಯ ತರುಣನಿಗೆ ಇದ್ದದ್ದು ತಾಯಿ ಒಬ್ಬರೇ. ಆ ಮುದುಕಿಗೆ ವಿಷಯ ತಿಳಿಸಬೇಕಿತ್ತು. ಯಾರ ಹತ್ತಿರವಾದರೂ ಹೇಳಿ ಕಳಿಸುವ ಎಂದೆ ನಾನು. ಅಕ್ಕ ಒಪ್ಪಲಿಲ್ಲ. ಮಾತು ನಾಲ್ಕು ಬಾಯಿ ದಾಟಿದರೆ ಏನಾಗುತ್ತದೆಂದು ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಗುಡ್ಡ ಹತ್ತಿ ಅವರೇ ಹೋದರು, ನಾನೂ ಹೋದೆ. ಮಾಪಿಳ್ಳೆಯವರು ಹೇಳಿದ್ದನ್ನು ಹಾಗೆಯೇ, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳಿದರು: ಇಬ್ಬರೂ ಜೊತೆಯಾಗಿ ಹೊರಟಿದ್ದಾರೆ, ಅದರ ನಂತರದ್ದು ಯಾರಿಗೂ ಗೊತ್ತಿಲ್ಲ. ಮುದುಕಿಗೆ ಮೊದಲಿನ ಭಾಗ ಮಾತ್ರ ಕೇಳಿಸಿತು. ಅವರು ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಮಗ ಬರುತ್ತಿದ್ದಾನೆಂದು ಆ ಸಂಜೆಯೇ ಸುತ್ತಿನ ಮನೆಗಳಿಗೆಲ್ಲ ಹೇಳಿಬಂದರಂತೆ.

ಈ ನಡುವೆ ಅಕ್ಕನ ಮೇಲೆಯೇ ಒಂದು ಸುದ್ದಿ ಬೆಳೆಯುತ್ತಿತ್ತು. ಮಾಪಿಳ್ಳೆಯವರ ಮನೆಯಲ್ಲಿ ಕೂತು ಬೊಂಡ ಕುಡಿದದ್ದು ಮೊದಲು ಹರಡಿತು; ಅದು ನಿಜವೇ. ಅದು ಊಟವಾಯಿತು. ಆಮೇಲೆ ಅಲ್ಲಿ ಎರಡು ದಿನ ಉಳಿದದ್ದಾಯಿತು. ಕೊನೆಗೆ ಅಕ್ಕ ಜಾತಿ ಬಿಟ್ಟರೆಂದೂ, ಅದನ್ನೆಲ್ಲ ಏರ್ಪಾಡು ಮಾಡಿದ್ದು ಯಾವುದೋ ಇಗರ್ಜಿಯ ಟೀಚರೆಂದೂ ಆಯಿತು. ಈ ಕೊನೆಯ ರೂಪವನ್ನು ಕುಂಜತ್ತೂರಿನಲ್ಲಿ ಒಬ್ಬ ಹೆಂಗಸು ನನಗೇ ಹೇಳಿದಳು, ಆ ಟೀಚರ್ ನಾನೆಂದು ತಿಳಿಯದೆ. ಹೊಳೆಬದಿಯ ಮನೆಯ ಹೆಂಗಸು ಯಾವ ಬಣ್ಣದ ಸೀರೆ ಉಟ್ಟಿದ್ದಳೆಂಬುದೂ ಅವಳಿಗೆ ಗೊತ್ತಿತ್ತು.

ನನಗೆ ಬಹಳ ಸಿಟ್ಟು ಬಂದಿತ್ತು. ಇದರ ಬೆನ್ನು ಹಿಡಿದು ಹೋಗುವ, ಯಾರು ಹೇಳಿದ್ದೆಂದು ಹುಡುಕುವ ಎಂದು ಅಕ್ಕನಿಗೆ ಹೇಳಿದೆ. ಅವರು ಒಗೆದ ಬಟ್ಟೆ ಹಿಂಡುತ್ತಿದ್ದರು.

"ಅದರ ಹಿಂದೆ ಹೋದ್ರೆ ಅದಕ್ಕೆ ಇನ್ನೊಂದು ಸುತ್ತು ಸಿಗ್ತದೆ ಬಾಯಿ" ಎಂದರು. "ಆ ಸಾವಿನ ಸುದ್ದಿ ಒಬ್ಬ ಹೇಳಿದ್ದು. ಇದನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹೇಳಿದ್ದಾರೆ. ಯಾರನ್ನು ಹಿಡಿಯುವುದು?"

ಮರುವರ್ಷ ಮಳೆ ಬಿಟ್ಟ ಹೊತ್ತಿಗೆ ಅಕ್ಕನ ಗಂಡ ಬಂದರು. ಕಾಸರಗೋಡು ಸ್ಟೇಷನ್ನಿನಲ್ಲಿ ಇಳಿದು ಅದೇ ಬಸ್ಸಿನಲ್ಲಿ ಬದಿಯಡ್ಕಕ್ಕೆ ಬಂದದ್ದು. ಮನೆ ಮುಟ್ಟುವ ಮೊದಲೇ ಯಾರೋ ಅವರಿಗೆ ಹೆಂಡತಿಯ ಸುದ್ದಿ ಮುಟ್ಟಿಸಿದ್ದರು. ಬೇಲಿಯ ಈಚೆ ನಾನು ತುಳಸಿ ಕೀಳುತ್ತಿದ್ದೆ, ಕೆಮ್ಮಿಗೆ ಬೇಕಿತ್ತು. ಗಡ್ಡ ಬಿಟ್ಟ, ಎಲುಬು ಕಾಣುವ ಮನುಷ್ಯರೊಬ್ಬರು ಅಂಗಳದಲ್ಲಿ ಗಂಟು ಹಿಡಿದು ನಿಂತಿದ್ದರು. ಅಕ್ಕ ಜಗಲಿಯಲ್ಲಿದ್ದರು.

"ನೀನು ಕಾಸರಗೋಡಿಗೆ ಹೋದದ್ದು ಹೌದಾ?"

"ಹೌದು."

"ಮಾಪಿಳ್ಳೆಯವರ ಮನೆಯಲ್ಲಿ ಕೂತದ್ದು?"

"ಹೌದು. ಬೊಂಡವೂ ಕುಡಿದೆ."

"ಎಂತಕ್ಕೆ?"

"ನೀವು ಸತ್ತಿದ್ದೀರಾ ಕೇಳ್ಲಿಕ್ಕೆ."

ಅವರು ಗಂಟನ್ನು ಕೆಳಗಿಟ್ಟರು. ಅಕ್ಕ ಒಳಗೆ ಹೋಗಿ ಕಾಲಿಗೆ ನೀರು ತಂದರು. ಆಮೇಲೆ ಭಾವ ಪ್ರಾಯಶ್ಚಿತ್ತದ ಮಾತೆತ್ತಿದಾಗ ಅಕ್ಕನ ಗಂಡ, ತಾವು ದಾರಿಯುದ್ದಕ್ಕೂ ಯಾರು ಯಾರು ಕೊಟ್ಟದ್ದನ್ನೋ ತಿಂದು ಬಂದವರು, ಪ್ರಾಯಶ್ಚಿತ್ತವಾಗುವುದಾದರೆ ಮೊದಲು ತಮಗೆ ಎಂದರಂತೆ. ಗಂಡ ಹೆಂಡತಿ ಪಕ್ಕಪಕ್ಕದಲ್ಲಿ ಕೂತು ಪಂಚಗವ್ಯ ಕುಡಿದರು. ವಿಷಯ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದುಕೊಂಡಿದ್ದೆ.

ಇನ್ನು ಮುಂದಿನದ್ದನ್ನು ಅಕ್ಕ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ, ಗಂಡನೂ ಕುಂಬ್ಡಾಜೆಯ ಮುದುಕಿಯೂ ತೀರಿಹೋದ ನಂತರ. ಸರಿಯೋ ತಪ್ಪೋ ಎಂದು ಅವರು ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗಂಡ ಬಂದ ದಿನವೇ ಅಕ್ಕ ಆ ತರುಣನ ಬಗ್ಗೆ ಕೇಳಿದ್ದರು. ದಾರಿಯಲ್ಲಿ ಬೇರೆಯಾದೆವು, ಅವನು ಬೇರೆ ಗುಂಪಿನೊಂದಿಗೆ ಹೋದ ಎಂದರು. ಸ್ವಲ್ಪ ದಿನ ಬಿಟ್ಟು ಕೇಳಿದಾಗ, ಕಲ್ಕತ್ತೆಯವರೆಗೆ ಬಂದಿದ್ದಾನೆ, ಅಲ್ಲೇ ಕೆಲಸಕ್ಕೆ ನಿಂತಿರಬೇಕು ಎಂದರು. ಇನ್ನೊಮ್ಮೆ, ಆಸ್ಪತ್ರೆಯ ಗಲಾಟೆಯಲ್ಲಿ ತಪ್ಪಿಹೋದ ಎಂದರು. ಅಕ್ಕ ಪ್ರತಿ ಸಲವೂ ಬಲಗಿವಿ ತಿರುಗಿಸಿ ಕೇಳಿದರು, ಜಗಳ ಮಾಡಲಿಲ್ಲ. ಅಸ್ಸಾಮಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಆಮೇಲೆ ಕಲ್ಕತ್ತೆಯ ಅಡಿಗೆಮನೆಯೊಂದರಲ್ಲಿ ದುಡಿದು ಬಂದವರು ಒಂದು ಕಾಗದವನ್ನೂ ಯಾಕೆ ಬರೆಯಲಿಲ್ಲ ಎಂಬುದು ಆಗ ಅವರಿಗೆ ಹೊಳೆಯತೊಡಗಿತು. ಬರೆದರೆ ಆ ತರುಣನ ವಿಷಯವನ್ನೂ ಬರೆಯಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಅನ್ನಕ್ಕೆ ಕೈ ಹಾಕಿ, ಹಾಗೆಯೇ ನಿಲ್ಲಿಸಿ, "ಅವನು ಬರುವುದಿಲ್ಲ" ಎಂದರು. ಗಡಿಯ ಬೆಟ್ಟಗಳಲ್ಲಿ ಜ್ವರ ಹಿಡಿದು ಸತ್ತ ಎಂದರು.

ಒಂದು ಸುಳ್ಳು ಸಾವು ಬಸ್ಸಿನಲ್ಲಿ ಹೋಗಿ, ಸೋಡಾ ಅಂಗಡಿಯಲ್ಲಿ ನಿಂತು, ಇಡೀ ತಾಲೂಕನ್ನು ಸುತ್ತಿತ್ತು. ಇದು ಮಾತ್ರ ವರ್ಷಕ್ಕೂ ಹೆಚ್ಚು ಕಾಲ ಒಬ್ಬನ ಬಾಯಲ್ಲೇ ಉಳಿದಿತ್ತು. ಕುಂಬ್ಡಾಜೆಯಲ್ಲಿ ಮುದುಕಿ ಅಕ್ಕನೇ ಹೇಳಿದ ಮಾತನ್ನು ಹಿಡಿದುಕೊಂಡು, ಇವರು ಬಂದದ್ದು ಕೇಳಿದ ಮೇಲಂತೂ ಮಗನೂ ಹಿಂದಿನಿಂದ ಬರುತ್ತಾನೆಂದು, ಕಾಯುತ್ತಿದ್ದರು. ಹೋಗಿ ಹೇಳಲೇಬೇಕೆಂದರು ಅಕ್ಕ. ಗಂಡ ಬೇಡವೆಂದರು, ಆಮೇಲೆ ಹೊರಟರು.

ಇವರಿಬ್ಬರನ್ನು ಕಂಡದ್ದೇ ಮುದುಕಿಗೆ ಅರ್ಥವಾಯಿತಂತೆ. ಮೂವರಿರಬೇಕಿತ್ತಲ್ಲ. ಅಳು ನಿಂತ ಮೇಲೆ ಅವರು ಕೇಳಿದ್ದು ಒಂದೇ.

"ಕೊನೆಗೆ ಒಬ್ಬನೇ ಇದ್ದನಾ?"

"ಇಲ್ಲ ಅಮ್ಮ" ಎಂದರು ಅಕ್ಕನ ಗಂಡ. "ನಾನು ಹತ್ತಿರವೇ ಇದ್ದೆ. ತಲೆ ನನ್ನ ತೊಡೆ ಮೇಲಿತ್ತು. ನೀರು ಕುಡಿಸಿದೆ."

ಮುದುಕಿ ಅವರ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮಗ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಎಂದು ಇಷ್ಟು ದಿನ ಬಾಗಿಲಿಗೆ ಅಗಳಿ ಹಾಕದೆ ಮಲಗುತ್ತಿದ್ದೆ, ಸರಿಯಾಗಿ ನಿದ್ದೆಯೇ ಮಾಡಿಲ್ಲ ಎಂದರು. ಆಗಬೇಕಾದ ಕ್ರಿಯೆಗಳನ್ನು ಭಾವನೇ ಬಂದು ಮಾಡಿಸಲಿ ಎಂದು ಕೇಳಿಕೊಂಡರು.

ಗುಡ್ಡ ಇಳಿಯುವಾಗ ಅಕ್ಕನ ಗಂಡ ಮುಂದೆ, ಅಕ್ಕ ಹಿಂದೆ. ಅರ್ಧ ದಾರಿಯಲ್ಲಿ ಅವರು ನಿಂತರು. ತಿರುಗಿ ನೋಡದೆಯೇ, ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ನಾವು ಬಿಟ್ಟುಬಂದದ್ದು. ಒಂದು ಮರದ ಬುಡದಲ್ಲಿ ಕೂರಿಸಿ, ತಿರುಗಿ ಬರ್ತೇವೆ ಅಂತ ಹೇಳಿ. ನಿಂತವರೆಲ್ಲ ಸಾಯ್ತಾ ಇದ್ದರು. ನಾವು ಹೊರಡುವಾಗ ಅವನಿಗೆ ಉಸಿರಿತ್ತು."

ಅವನು ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಸತ್ತಿರಲೇಬೇಕು, ಆ ಜ್ವರದಲ್ಲಿ, ಆ ಕಾಡಿನಲ್ಲಿ, ಅಷ್ಟು ದಿನಗಳ ಹಸಿವಿನಲ್ಲಿ ಒಬ್ಬಂಟಿಯಾಗಿ ಬದುಕಿ ಉಳಿಯುವಂತಿರಲಿಲ್ಲ. ಆದರೆ ಕಂಡವರಿರಲಿಲ್ಲ.

ಅಕ್ಕ ತಿರುಗಿ ನೋಡಿದರು. ಮೇಲೆ ಗುಡ್ಡದ ತಿರುವಿನಲ್ಲಿ ಮುದುಕಿಯ ಮನೆ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಹಗಲು ಹೊತ್ತಾದರೂ ಬಾಗಿಲು ಹಾಕಿತ್ತು, ಒಳಗೆ ಮಲಗಿರಬೇಕು.

"ನಡೀರಿ, ಬಸ್ಸು ತಪ್ತದೆ" ಎಂದು ಗಂಡನಿಗೆ ಹೇಳಿ, ಅಕ್ಕ ಅವರನ್ನು ದಾಟಿ ಮುಂದೆ ನಡೆದರು.